ಪಕ್ಕದ ಸೀಟಿನ ಉಸಿರು

ಮೇಸ್ತ್ರಿ ತೀರಿಕೊಂಡ ಮೇಲೆ ಆ ಮನೆಯವರೆಲ್ಲರ ಕಣ್ಣು ಒಂದೇ ತಟ್ಟೆಯ ಮೇಲೆ ನೆಟ್ಟಿತ್ತು. ಅದು ಮೇಸ್ತ್ರಿಯ ಹೆಂಡತಿ, ಅಜ್ಜಿಯ ತಟ್ಟೆ. ಬೆಳಿಗ್ಗೆ ಇಟ್ಟ ಬ್ರೆಡ್ಡಿನ ಅಂಚು ಮಧ್ಯಾಹ್ನದ ಹೊತ್ತಿಗೆ ಒಣಗಿ ಮೇಲೆದ್ದಿರುತ್ತಿತ್ತು. ಮಧ್ಯಾಹ್ನ ಬಡಿಸಿದ ಅನ್ನ ಸಂಜೆಗೆ ಗಟ್ಟಿಯಾಗಿ ಸೌಟಿನ ಆಕಾರದಲ್ಲೇ ಕೂತಿರುತ್ತಿತ್ತು. ಡಾಕ್ಟರು ನಾಡಿ ನೋಡಿ, ನಾಲಿಗೆ ನೋಡಿ, ಕೊನೆಗೆ ಮಗನನ್ನು ಬಾಗಿಲಾಚೆ ಕರೆದು ಹೇಳಿದ್ದರು:

"ಕಾಯಿಲೆ ಅಂತ ಏನೂ ಇಲ್ಲ. ಆದ್ರೆ ಹೀಗೇ ಊಟ ಬಿಟ್ರೆ ಉಳಿಯಲ್ಲ."

ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ದಿನವಿಡೀ ಕೂದಲೆಳೆಯಷ್ಟು ಗೀರನ್ನು ಹುಡುಕುವ ಆ ಕಣ್ಣುಗಳು ಮನೆಗೆ ಬಂದೊಡನೆ ತಾಯಿಯ ತಟ್ಟೆಯಲ್ಲಿ ಎಷ್ಟು ಕಡಿಮೆಯಾಗಿದೆ ಎಂದು ಹುಡುಕುತ್ತಿದ್ದವು.

"ಅಮ್ಮಾ, ಎರಡೇ ತುತ್ತು. ಔಷಧಿ ಅಂದ್ಕೊಂಡು ತಿನ್ನು."

"ಔಷಧಿ ತಗೊಳ್ಳೋರು ಬದುಕಬೇಕು ಅನ್ನೋರು ಕಣೋ."

"ನೋಡ್ದ್ಯಾ ಮಾತು!" ಎಂದು ಅವನು ಹೆಂಡತಿಯತ್ತ ತಿರುಗುತ್ತಿದ್ದ.

"ನನ್ನ ಮುಖ ಯಾಕೆ ನೋಡ್ತೀರಿ? ನಾನೇನು ಉಪ್ಪು ಹಾಕದೆ ಅಡುಗೆ ಮಾಡಿದೀನಾ?" ಎಂದು ಅವಳು ರೇಗುತ್ತಿದ್ದಳು.

ಸೊಸೆ ಲಾಂಡ್ರಿಯಿಂದ ಹೋಟೆಲುಗಳಿಗೆ ಹೊದಿಕೆ, ಮೇಜುಬಟ್ಟೆಗಳನ್ನು ತಲುಪಿಸುವವಳು. ಅದಕ್ಕಾಗಿ ಅವಳು ಓಡಿಸುತ್ತಿದ್ದುದು ಮೇಸ್ತ್ರಿಯ ಹಳೆಯ ಕಾರು. ಅಡುಗೆಮನೆಯ ಗೋಡೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಬದುಕಿಡೀ ಕಂಡವರ ಕಾರುಗಳನ್ನು ರಿಪೇರಿ ಮಾಡಿದ ಮನುಷ್ಯ, ತನ್ನ ಗಾಡಿಗೆ ಮಾತ್ರ ಒಂದು ಹೊಸ ಬೋಲ್ಟನ್ನೂ ಕೊಂಡವರಲ್ಲ ಎಂಬುದು ಮನೆಯೊಳಗಿನ ತಮಾಷೆ. ಟೀ ಸೋಸುವ ಜರಡಿ ಹರಿದಾಗ ಅದಕ್ಕೂ ಬೆಸುಗೆ ಹಾಕಿಕೊಟ್ಟವರು ಅವರು. ಕೊನೆಯ ತಿಂಗಳುಗಳಲ್ಲಿ ಕೈಗೆ ಬಲವಿಲ್ಲದೆ ಸ್ಟಿಯರಿಂಗನ್ನು ಸೊಸೆಗೊಪ್ಪಿಸಿ ಪಕ್ಕದ ಸೀಟಿಗೆ ಸರಿದಿದ್ದರು. ಆದರೂ ತಿರುವಿನಲ್ಲಿ ಅವಳು ವೇಗ ತಗ್ಗಿಸದಿದ್ದರೆ ಮುಂದಕ್ಕೆ ಬಾಗಿ, ಗಾಜಿಗೆ ಅಂಗೈಯೊತ್ತಿ, ಇಲ್ಲದ ಬ್ರೇಕನ್ನು ಕಾಲಿನಿಂದ ತುಳಿಯುತ್ತಿದ್ದರು.

ಅವರು ಹೋದ ಮೇಲೆ ಆ ಕಾರು ಮೊದಲ ಬಾರಿ ಕೈಕೊಟ್ಟದ್ದು ಸೇತುವೆಯ ಏರಿನಲ್ಲಿ. ಉಷ್ಣತೆಯ ಮುಳ್ಳು ಕೆಂಪು ಗೆರೆ ದಾಟಿತು. ಬಾನೆಟ್ಟಿನ ಅಂಚಿನಿಂದ ಆವಿ ನುಗ್ಗಿತು. ಸೊಸೆ ಹೊದಿಕೆಗಳ ಕಟ್ಟನ್ನು ಬೇರೆ ಗಾಡಿಗೆ ಹೇರಿ ಕಳಿಸಿ, ಕಾರನ್ನು ಎಳೆಸಿಕೊಂಡು ಮನೆಗೆ ತಂದಳು.

ಎಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ನೋಡಿದಳು. ಹೆಬ್ಬೆರಳಿನ ಗಾತ್ರದ ರಬ್ಬರ್ ಹೋಸೊಂದು ಎಂಜಿನ್ನಿನಿಂದ ಹೊರಟು, ಕುದುರೆಯ ಲಾಳದಂತೆ ಬಾಗಿ, ಮತ್ತೆ ಎಂಜಿನ್ನಿಗೇ ಸೇರಿತ್ತು. ಬಾಗಿದ ಜಾಗದಲ್ಲಿ ಉದ್ದನೆಯ ಸೀಳು, ಸೀಳಿನಿಂದ ಇಳಿದ, ಎಂಜಿನ್ ತಂಪಾಗಿಡುವ ಹಸಿರು ಕೂಲಂಟ್. ಎಂಜಿನ್ನಿನ ಹಿಂದಿನ, ಸೀಟಿನ ಕಡೆಯ ತಗಡುಗೋಡೆಯಿಂದ ಇಣುಕುತ್ತಿದ್ದ ಎರಡು ಲೋಹದ ಕೊಳವೆಗಳು ಬಾಯಿಗೆ ರಬ್ಬರ್ ಮುಚ್ಚಳ ಹಾಕಿಕೊಂಡು ಸುಮ್ಮನಿದ್ದವು.

ಬಿಡಿಭಾಗದ ಅಂಗಡಿಯವನು ಸೀಳಿದ ಹೋಸನ್ನು ತಿರುಗಿಸಿ ನೋಡಿ ನಕ್ಕ.

"ಈ ಮಾಡೆಲ್‌ಗೆ ಎರಡು ಹೋಸ್ ಬರುತ್ತಮ್ಮ. ಒಂದು ನೀರು ಹೋಗೋಕೆ, ಒಂದು ಬರೋಕೆ. ಯಾರೋ ಒಂದನ್ನ ಉಳಿಸಿದಾರೆ."

"ನಮ್ಮ ಮಾವ."

"ಜಾಣರು. ನೀವು ಎರಡೂ ತಗೊಂಡ್ಹೋಗಿ."

ಮರುದಿನ ಬೆಳಿಗ್ಗೆ ಅವಳು ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗಿಳಿದಳು. ಉಳಿದ ಕೂಲಂಟನ್ನು ಬೋಗುಣಿಗೆ ಬಸಿದಳು. ತುದಿಗಳನ್ನು ಬಿಗಿದಿದ್ದ ಕ್ಲಾಂಪುಗಳನ್ನು ಸಡಿಲಿಸಿದರೂ ಹಳೆಯ ಹೋಸು ಕಚ್ಚಿ ಹಿಡಿದಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತಿರುಚಿ ಕಿತ್ತಳು. ಕೊಳವೆಯ ಕುತ್ತಿಗೆಗೆ ಮರಳುಕಾಗದ ತಿಕ್ಕಿದಳು. ಹೊಸ ಹೋಸಿಗೆ ಮೊದಲು ಕ್ಲಾಂಪು ತೂರಿಸಿ, ಬಾಯಿಗೆ ಸೋಪಿನ ನೀರು ಸವರಿ, ಒತ್ತಿ ಕೂರಿಸಿದಳು. ಮುಚ್ಚಳ ಹಾಕಿಕೊಂಡಿದ್ದ ಆ ಎರಡು ಕೊಳವೆಗಳ ಬಾಯಿ ಬಿಡಿಸಿ, ಅಂಗಡಿಯವನು ಹೇಳಿದಂತೆ ಒಂದೊಂದಕ್ಕೆ ಒಂದೊಂದು ಹೋಸು ಜೋಡಿಸಿದಳು.

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಟೀ ಲೋಟ ಹಿಡಿದು ನಿಂತಿದ್ದರು.

"ಅತ್ತೆ, ನೋಡಿ! ಮಾವ ಒಂದೇ ಹೋಸಲ್ಲಿ ಸಂಸಾರ ಮಾಡಿದ್ರು. ನಾನು ಧಾರಾಳಿ, ಎರಡು ಹಾಕ್ತಿದೀನಿ."

ಅಜ್ಜಿ ಆ ಎರಡು ಕರಿಯ ಹೋಸುಗಳನ್ನು ಬಹಳ ಹೊತ್ತು ನೋಡಿದರು. ತುಟಿ ಬಿಚ್ಚಿ, ಮತ್ತೆ ಮುಚ್ಚಿ, ಕೊನೆಗೆ ಹೇಳಿದರು:

"ಹಾಕು. ನಿಂಗೆ ತಿಳಿದ ಹಾಗೆ ಹಾಕು."

ಹೊಸ ಕೂಲಂಟ್ ತುಂಬಿಸಿ, ಗಾಳಿಯ ಗುಳ್ಳೆಗಳೆಲ್ಲ ಹೊರಬರುವವರೆಗೆ ಎಂಜಿನ್ ಓಡಿಸಿದಳು. ಮುಳ್ಳು ನಡುವೆ ನಿಂತು ಕದಲಲಿಲ್ಲ. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಆ ವಾರವೇ ಮನೆಯ ಮಗು ಕಿರುಚಿದ್ದು. ಬಾಯಿ ಮುಚ್ಚದವಳೆಂದು ಎಲ್ಲರೂ ಗಿಳಿ ಎಂದೇ ಕರೆಯುವ ಮೊಮ್ಮಗಳು ಶಾಲೆಗೆ ಹೊರಡಲು ಪಕ್ಕದ ಸೀಟಿಗೆ ಹತ್ತಿ, ಹತ್ತಿದಷ್ಟೇ ವೇಗದಲ್ಲಿ ಇಳಿದಳು.

"ಅಮ್ಮಾ, ತಾತ ಕೂತಿದಾರೆ!"

"ಏನೇ ಅದು ಬೆಳಿಗ್ಗೆ ಬೆಳಿಗ್ಗೆ?"

"ವಾಸನೆ ನೋಡು!"

ಸೊಸೆ ತಲೆ ಒಳಗೆ ಹಾಕಿದಳು. ಮಂದವಾದ, ಸಿಹಿಯಾದ ಆ ವಾಸನೆ ಅವಳಿಗೆ ಹೊಸದಲ್ಲ. ವರ್ಷಗಟ್ಟಲೆ ಮೇಸ್ತ್ರಿಯ ಅಂಗಿಗಳಲ್ಲಿದ್ದ ವಾಸನೆಯದು. ಎಷ್ಟು ಕುದಿಸಿ ಒಗೆದರೂ ಹೋಗದೆ ಲಾಂಡ್ರಿಯವಳಾದ ಅವಳನ್ನೇ ಸೋಲಿಸಿದ ವಾಸನೆ. ಅವರ ಅಂಗಿಗಳನ್ನೆಲ್ಲ ಕೊಟ್ಟು ತಿಂಗಳುಗಳೇ ಕಳೆದಿದ್ದವು.

"ಗಾಡಿ ಅಂದ್ಮೇಲೆ ಗಾಡಿ ವಾಸನೆ ಬರುತ್ತೆ. ಹತ್ತು," ಎಂದು ಮಗಳನ್ನು ಗದರಿ ಕೂರಿಸಿದಳು.

ಎಂಜಿನ್ ಬಿಸಿಯೇರಿತು. ಮುಂದಿನ ಗಾಜಿಗೆ ಮಂಜು ಹಬ್ಬಿತು. ಹೊರಗೆ ಬಿಸಿಲಿತ್ತು; ಮಂಜು ಕಟ್ಟಿದ್ದು ಒಳಗೆ, ಅದೂ ಪಕ್ಕದ ಸೀಟಿನ ಎದುರಿಗೆ, ಯಾರೋ ಗಾಜಿಗೆ ಮುಖವಿಟ್ಟು ಉಸಿರುಬಿಟ್ಟಂತೆ. ನೋಡನೋಡುತ್ತಿದ್ದಂತೆ ಮಂಜಿನ ನಡುವೆ ಒಂದು ಅಗಲವಾದ ಅಂಗೈ ಮೂಡಿತು. ಐದು ಬೆರಳು. ನಡುಬೆರಳು ಉಳಿದವಕ್ಕಿಂತ ಮೋಟು.

ಮೇಸ್ತ್ರಿಯ ನಡುಬೆರಳಿನ ತುದಿಯನ್ನು ಯಾವುದೋ ಕಾಲದಲ್ಲಿ ಫ್ಯಾನ್ ಬೆಲ್ಟೊಂದು ತಿಂದುಹಾಕಿತ್ತು.

ಗಿಳಿ ಅಂದು ಶಾಲೆಯವರೆಗೂ ಒಂದು ಮಾತನಾಡಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅವಳ ಬಾಯಿ ಮತ್ತೆ ತೆರೆಯಿತು. "ಅಜ್ಜಿ, ತಾತ ಕಾರಲ್ಲಿ ಉಸಿರಾಡ್ತಿದಾರೆ. ಗಾಜಿನ ಮೇಲೆ ಕೈ ಇಟ್ಟಿದ್ರು."

"ಗಿಳೀ!" ಎಂದು ತಂದೆ ಗದರಿದ. ಆದರೆ ಅಜ್ಜಿ ಆಗಲೇ ತಲೆಯೆತ್ತಿದ್ದರು.

"ಯಾವ ಕೈ?"

"ಮೋಟು ಬೆರಳಿನ ಕೈ."

ಅಜ್ಜಿ ಎದ್ದು ಶೆಡ್ಡಿಗೆ ಹೋಗಿ ಪಕ್ಕದ ಸೀಟಿನಲ್ಲಿ ಕೂತರು. ಮಗ ಹಿಂದೆಯೇ ಓಡಿದ. ಕಾಲಿನ ಬಳಿಯ ಚಾಪೆ ಒದ್ದೆಯಾಗಿ ಬೆಚ್ಚಗಿತ್ತು. ಅಜ್ಜಿ ಪಾದಗಳನ್ನು ಆ ಬಿಸುಪಿನ ಮೇಲಿಟ್ಟು ಹೇಳಿದರು: "ನನ್ನ ತಟ್ಟೆ ಇಲ್ಲಿಗೇ ತಾ."

ಅಂದು ಅವರು ಪೂರ್ತಿ ಊಟ ಮಾಡಿದರು. ಮಗ ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದು, ದೀಪದ ಕೆಳಗೆ ತಿರುಗಿಸಿ ಹೆಂಡತಿಗೆ ತೋರಿಸಿದ.

ಮುಂದಿನ ವಾರಗಳಲ್ಲಿ ಅದೇ ವಾಡಿಕೆಯಾಯಿತು. ಸೊಸೆ ಹೋಟೆಲುಗಳಿಗೆ ಹೊರಟಾಗ ಅಜ್ಜಿ ಡಬ್ಬಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದರು. ಗಾಜಿನಲ್ಲಿ ಕೈ ಮೂಡುವವರೆಗೆ ಕಾಯುತ್ತಿದ್ದರು. ಮೂಡಿದ ಮೇಲೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕೊನೆಗೆ ಒಂದು ಹಣ್ಣು. ಸೊಸೆ ಗಾಜು ಒರೆಸಲು ಬಟ್ಟೆ ತೆಗೆದರೆ ಸಾಕು, ಮುಂಗೈ ಹಿಡಿದು ತಡೆಯುತ್ತಿದ್ದರು.

"ನಂಗೆ ರಸ್ತೆ ಕಾಣ್ಬೇಡವಾ ಅತ್ತೆ?"

"ನಿನ್ನ ಕಡೆ ಒರೆಸ್ಕೋ. ಈ ಕಡೆ ಅವರು ನೋಡ್ಕೊಳ್ತಾರೆ."

ಆ ಮಾತನ್ನು ಅವರು ನಗುತ್ತಾ ಹೇಳಿದ್ದರು. ಸೊಸೆ ಮಾತ್ರ ಗಾಜಿನ ಕೈಯತ್ತ ನೋಡದೆ ತನ್ನ ಬದಿಯನ್ನಷ್ಟೇ ಒರೆಸಿಕೊಂಡಳು.

ಅಂದೇ ಮಲಗುವ ಕೋಣೆಯಲ್ಲಿ ಜಗಳ ಎದ್ದಿತು.

"ರೀ, ಒಳಗೆಲ್ಲೋ ಸೋರ್ತಾ ಇದೆ. ನಾನು ಬಿಚ್ಚಿ ನೋಡ್ತೀನಿ."

"ಮುಟ್ಟಿದ್ರೆ ನೋಡು!"

"ಅಂದ್ರೆ? ನೀವೂ ನಂಬಿದ್ರಾ?"

ಮಗ ಬಟ್ಟೆಯ ಮಡಿಕೆ ಸರಿಪಡಿಸುತ್ತಾ ನಿಂತ. "ಜಿಡ್ಡು ಕೈ ಒತ್ತಿದ ಗಾಜು ಕಣೆ ಅದು. ಎಷ್ಟು ಒರೆಸಿದ್ರೂ ಸಣ್ಣ ಪೊರೆ ಉಳಿಯುತ್ತೆ. ಆವಿ ಬಡಿದಾಗ ಗುರುತು ಏಳುತ್ತೆ. ದಿನಾ ಅಂಗಡೀಲಿ ನೋಡ್ತೀನಿ. ಮೊದಲ ದಿನವೇ ಗೊತ್ತಾಯ್ತು."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ?"

"ಬಾಯಿ ಬಿಟ್ರೆ ಅಮ್ಮ ಬಾಯಿ ಮುಚ್ಚುತ್ತಾಳೆ. ಮತ್ತೆ ಆ ಒಣಗಿದ ಬ್ರೆಡ್ಡು ನೋಡೋಕೆ ನನ್ನ ಕೈಲಾಗಲ್ಲ. ಗಾಡಿ ಕೆಟ್ರೆ ಕೆಡ್ಲಿ ಬಿಡು."

ಸೊಸೆ ಸುಮ್ಮನಾದಳು. ಸುಮ್ಮನಾದದ್ದು ಬಾಯಿ ಮಾತ್ರ. ಮರುದಿನದಿಂದ ಕೂಲಂಟ್ ಡಬ್ಬಿಯ ಮಟ್ಟವನ್ನು ಗಮನಿಸತೊಡಗಿದಳು. ಚಾಪೆಯನ್ನು ಹಿಂಡಿದರೆ ನೀರು ಬರುತ್ತಿತ್ತು. ಅಷ್ಟು ಸೋರಿದ ಮೇಲೆ ಡಬ್ಬಿ ಬರಿದಾಗಬೇಕು. ಆದರೆ ನೋಡಿದಾಗಲೆಲ್ಲ ಗೆರೆಯವರೆಗೆ ತುಂಬಿರುತ್ತಿತ್ತು. ಅವಳು ತುಂಬಿಸಿರಲಿಲ್ಲ. ಗಂಡನಿಗೆ ಬಾನೆಟ್ ಎತ್ತಲೂ ಬಾರದು.

ಸೋರುತ್ತದೆ, ಕಡಿಮೆಯಾಗುವುದಿಲ್ಲ.

ಹಗಲಿನಲ್ಲೂ ಆ ಶೆಡ್ಡಿಗೆ ಒಬ್ಬಳೇ ಹೋಗಲು ಅವಳಿಗೆ ಅಳುಕಾಯಿತು. ಒಂದು ಬೆಳಿಗ್ಗೆ ಧೈರ್ಯ ಮಾಡಿ ಡಬ್ಬಿಗೆ ಟಾರ್ಚ್ ಹಿಡಿದು ನೋಡಿದಳು. ಗಾಢ ಹಸಿರು ತಿಳಿಯಾಗಿ, ಎಳೆ ಸೌತೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಯಾರೋ ಬರೀ ನೀರು ಹೊಯ್ಯುತ್ತಿದ್ದಾರೆ. ಸತ್ತವರು ನಲ್ಲಿ ತಿರುಗಿಸುವುದಿಲ್ಲ.

"ಅಜ್ಜಿ ಶೆಡ್ಡಿಗೆ ಚೊಂಬು ತಗೊಂಡ್ಹೋಗ್ತಾರಾ?" ಎಂದು ಮಗಳ ಜಡೆ ಹೆಣೆಯುತ್ತಾ ಕೇಳಿದಳು.

"ಓ! ನೀನು ನಡ್ಕೊಂಡು ಲಾಂಡ್ರಿಗೆ ಹೋದ ದಿನವೆಲ್ಲಾ ಹೋಗ್ತಾರೆ. ಕಾರು ಬುರ್ರ್ ಅನ್ಸಿ ಒಳಗೆ ಕೂತ್ಕೋತಾರೆ. ಆಮೇಲೆ ಬಂದು ತಲೆನೋವು ಅಂತ ಮಲಗ್ತಾರೆ. ಅಮ್ಮಾ, ಅಜ್ಜಿ ಕೆನ್ನೆ ಕೆಂಪಗೆ ಚೆನ್ನಾಗಾಗಿದೆ ಅಲ್ವಾ?"

ಜಡೆಯ ಎಳೆ ಸೊಸೆಯ ಕೈಯಿಂದ ಜಾರಿತು. ತಲೆನೋವು, ಹಗಲು ನಿದ್ದೆ, ಕೆಂಪೇರಿದ ಮುಖ: ಎಂಜಿನ್ನಿನ ಹೊಗೆ ಮೈಗೇರಿದ ಗುರುತುಗಳು. ಅಮ್ಮ ಚೇತರಿಸಿಕೊಳ್ಳುತ್ತಿದ್ದಾಳೆ ಎಂದು ಗಂಡ ಹಿಗ್ಗುತ್ತಿದ್ದುದು ಇವನ್ನೇ ನೋಡಿ.

ಅಂದೇ ಕಾರಿನ ಬೀಗದ ಕೈಯನ್ನು ಗೂಟದಿಂದ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡು ಲಾಂಡ್ರಿಗೆ ಹೊರಟಳು. ದಾರಿ ಸವೆದಂತೆ ಅವಳ ಹೆಜ್ಜೆ ನಿಧಾನವಾಯಿತು. ಮಾವ ಹಳೆಯದೊಂದನ್ನೂ ಎಸೆಯದೆ ಕೂಡಿಡುತ್ತಿದ್ದ ಮನುಷ್ಯ. ಬೀಗದ ಕೈ ಒಂದೇ ಇರಲು ಸಾಧ್ಯವೇ?

ಅವಳು ತಿರುಗಿದಳು. ಮೊದಲು ಬೇಗ ನಡೆದಳು. ಬೀದಿಯ ತಿರುವಿನಿಂದ ಓಡಿದಳು.

ಶೆಡ್ಡಿನ ತಗಡು ಬಾಗಿಲು ಮುಚ್ಚಿತ್ತು. ಒಳಗಿನಿಂದ ಎಂಜಿನ್ನಿನ ಸದ್ದು ಒಂದೇ ಸಮ, ಗೊರಕೆಯಂತೆ ಬರುತ್ತಿತ್ತು. ಬಾಗಿಲಿನ ಬುಡದಲ್ಲಿ ಒಳಗಿನಿಂದ ಯಾರೋ ಗೋಣಿಚೀಲ ತುರುಕಿದ್ದರು. ಅವಳು ಭುಜ ಕೊಟ್ಟು ತಳ್ಳಿದಳು. ಹೊಗೆ ಮುಖಕ್ಕೆ ಬಡಿಯಿತು. ಕಾರಿನ ಗಾಜುಗಳೆಲ್ಲ ಬೆಳ್ಳಗಾಗಿದ್ದವು. ಒಳಗೆ ಯಾರಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಪಕ್ಕದ ಸೀಟಿನೆದುರು ಆ ಮೋಟು ಬೆರಳಿನ ಅಂಗೈಯೊಂದು ಮಾತ್ರ ಸ್ಪಷ್ಟವಾಗಿ, ಹೊರಗಿನವರನ್ನು ತಡೆಯುವಂತೆ, ನೆಟ್ಟಗೆ ನಿಂತಿತ್ತು.

"ಅತ್ತೇ!"

ಬಾಗಿಲೆಳೆದಳು. ಅಜ್ಜಿಯ ತಲೆ ಪಕ್ಕಕ್ಕೆ ವಾಲಿತ್ತು. ಮುಖದಲ್ಲಿ ಮದುವೆಯ ದಿನದ ಕೆಂಪು. ಸೊಸೆ ಎಂಜಿನ್ ಆರಿಸಿ, ಕಂಕುಳಿಗೆ ಕೈಹಾಕಿ, ಹೊದಿಕೆಯ ಕಟ್ಟನ್ನು ಎಳೆಯುವಂತೆ ಅವರನ್ನು ಅಂಗಳಕ್ಕೆ ಎಳೆದುಹಾಕಿದಳು. ಬಯಲ ಗಾಳಿ ತಾಗಿ ಎಷ್ಟೋ ಹೊತ್ತಿನ ಮೇಲೆ ಅಜ್ಜಿ ಕೆಮ್ಮಿದರು. ಕಣ್ಣು ತೆರೆಯದೆಯೇ ಅಂದರು:

"ಬಾಗಿಲು ಯಾಕೆ ತೆಗೆದೆ? ಆವಿ ಹೋಯ್ತು."

ಆಸ್ಪತ್ರೆಯಲ್ಲಿ ಅವರ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದರು: "ಬಾಗಿಲ ಕೆಳಗೆ ಗೋಣಿಚೀಲ ಇಟ್ಟಿದ್ದು ಯಾರು?"

ಉತ್ತರ ಮಗನಿಗೂ ಗೊತ್ತಿತ್ತು.

ಮನೆಗೆ ಕರೆತಂದ ಮೇಲೆ ಯಾರೂ ಎರಡು ದಿನ ಆ ಮಾತೆತ್ತಲಿಲ್ಲ. ಮಗ ಅಂಗಡಿಗೆ ಹೋಗದೆ ತಾಯಿಯ ಹಾಸಿಗೆಯ ಬಳಿಯೇ ಕೂತ. ಗಿಳಿ ಪಿಸುಮಾತಿನಲ್ಲಷ್ಟೇ ಮಾತಾಡಿದಳು. ಕೊನೆಗೆ ಸೊಸೆಯೇ ಗಂಜಿಯ ಬಟ್ಟಲನ್ನು ಠಣ್ಣನೆ ಕೆಳಗಿಟ್ಟು ಕೇಳಿಬಿಟ್ಟಳು.

"ಅತ್ತೆ, ಸಾಯೋಕೆ ಕೂತಿದ್ರಾ?"

"ಏ! ಏನು ಕೇಳ್ತಿದೀಯ?" ಎಂದು ಗಂಡ ಎದ್ದ.

"ನೀವು ಸುಮ್ನಿರಿ. ನಿಮ್ಮ ಸುಮ್ನಿರೋದು ನನ್ನ ಸುಮ್ನಿರೋದು ಎರಡೂ ಸೇರಿ ಇಲ್ಲಿಗೆ ತಂದಿದೆ. ಹೇಳಿ ಅತ್ತೆ."

ಅಜ್ಜಿ ಹೊದಿಕೆಯ ಅಂಚನ್ನು ನೀವುತ್ತಾ ಹೇಳಿದರು. "ಸಾಯೋಕೆ ಅಂತಲ್ಲ. ಬಾಗಿಲು ತೆರೆದಿದ್ರೆ ಗಾಜು ಬೇಗ ಆರುತ್ತೆ. ಕೈ ಅಳಿಸಿಹೋಗುತ್ತೆ. ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ ಅಂತ ಮುಚ್ಚಿದೆ. ಹೊಗೆ ಕೆಟ್ಟದ್ದು ಅಂತ ಗೊತ್ತಿತ್ತು. ಮೆಕ್ಯಾನಿಕ್ ಹೆಂಡತಿ ನಾನು. ಏನಾದ್ರೂ ಆದ್ರೆ ಆಗ್ಲಿ ಅಂದ್ಕೊಂಡೆ."

"ಅದು ಅಪ್ಪ ಅಲ್ಲಮ್ಮ," ಎಂದ ಮಗ. "ಬರೀ ಜಿಡ್ಡಿನ ಗುರುತು."

"ನಂಗೆ ಪಾಠ ಹೇಳ್ತೀಯೇನೋ? ಡ್ಯಾಶ್‌ಬೋರ್ಡ್ ಒಳಗೆ ಗಾಡಿ ಬೆಚ್ಚಗಿಡೋ ಪುಟ್ಟ ರೇಡಿಯೇಟರ್ ಒಂದಿದೆ. ಅದು ತೂತಾಗಿ ಎಷ್ಟೋ ವರ್ಷ ಆಯ್ತು. ನೀರು ಅಲ್ಲಿಗೆ ಹೋಗದೆ ಇರ್ಲಿ ಅಂತ ಅವರು ಹೋಸನ್ನ ಬಗ್ಗಿಸಿ ವಾಪಸ್ ಎಂಜಿನ್‌ಗೇ ಕಟ್ಟಿದ್ರು. ಟಾರ್ಚ್ ಹಿಡಿದವಳು ನಾನು."

ಸೊಸೆಯ ಕೈ ತಾನಾಗಿ ಬಾಯಿಗೆ ಹೋಯಿತು. ಮಾವನ ಜಿಪುಣತನವೆಂದು ತಾನು ನಕ್ಕದ್ದು, ಮುಚ್ಚಳ ಕಿತ್ತು ಹೊಸ ಹೋಸು ಜೋಡಿಸಿ ಹಿಗ್ಗಿದ್ದು. "ನಾನು ಎರಡು ಹೋಸ್ ಹಾಕೋವಾಗ ಅಲ್ಲೇ ನಿಂತಿದ್ರಲ್ಲ! ಒಂದು ಮಾತು ಹೇಳ್ಬಾರದಿತ್ತಾ?"

"ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅವರ ಅಂಗಿಗಳ ಕೂಲಂಟ್ ವಾಸನೆ ನೆನಪಾಯ್ತು."

ಮಗ ಮೋರೆ ತಿರುಗಿಸಿದ. ಕೋಣೆಯಲ್ಲಿ ಗಂಜಿ ತಣ್ಣಗಾಗುತ್ತಿತ್ತು.

"ನಾನು ಅದನ್ನ ಮೊದಲಿನ ಹಾಗೆ ಕಟ್ತೀನಿ," ಎಂದಳು ಸೊಸೆ. "ಆಮೇಲೆ ನೀವು ಊಟ ಬಿಟ್ರೆ, ಬಿಡಿ. ದಿನಾ ಜಗಳ ಆಡ್ತೀನಿ. ತುತ್ತು ಹಿಡ್ಕೊಂಡು ಮನೆಯೆಲ್ಲ ಅಟ್ಟಿಸ್ಕೊಂಡು ಬರ್ತೀನಿ. ಆದ್ರೆ ಆ ಶೆಡ್ಡಿಂದ ಇನ್ನೊಂದ್ಸಲ ನಿಮ್ಮನ್ನ ಎಳ್ಕೊಂಡು ಬರಲ್ಲ. ನನ್ನ ಕೈಲಾಗಲ್ಲ ಅತ್ತೆ."

ಅಜ್ಜಿ ಅವಳನ್ನು ನೋಡಿದರು. ಲಾಂಡ್ರಿಯ ಬಿಸಿಯಲ್ಲಿ ಬೆಂದು ಒರಟಾದ ಆ ಕೈಗಳು ಗಂಜಿಯ ಬಟ್ಟಲನ್ನು ಮತ್ತೆ ಅವರತ್ತ ಸರಿಸಿದವು.

"ಬಗ್ಗಿಸೋವಾಗ ಮಡಿಕೆ ಬೀಳ್ಬಾರದು," ಎಂದರು. "ಬಿದ್ರೆ ನೀರು ತಡೆದು ಮತ್ತೆ ಎಂಜಿನ್ ಕಾಯುತ್ತೆ. ನಿಂಗೆ ಅಳತೆ ಸಿಕ್ಕಲ್ಲ. ನಡಿ, ನಾನೂ ಬರ್ತೀನಿ."

ಶೆಡ್ಡಿನ ಬಾಗಿಲನ್ನು ಮಗ ಪೂರ್ತಿ ತೆರೆದು ಕಲ್ಲು ಕೊಟ್ಟು ನಿಲ್ಲಿಸಿದ. ಸೊಸೆ ಎರಡು ಹೋಸುಗಳನ್ನೂ ಹಿಂದಿನ ಕೊಳವೆಗಳಿಂದ ಕಿತ್ತಳು. ಉದ್ದನೆಯದನ್ನು ಅಜ್ಜಿ ಕೈಯಲ್ಲಿ ಹಿಡಿದು, ಬಗ್ಗಿಸಿ, ಬೆರಳಿನಿಂದ ಅಳೆದು, "ಇಲ್ಲಿ ಕೊಯ್ಯಿ" ಎಂದರು. ಎರಡು ತುದಿಯೂ ಎಂಜಿನ್ನಿಗೇ ಸೇರಿತು. ಹಿಂದಿನ ಕೊಳವೆಗಳ ಬಾಯಿಗೆ ಮುಚ್ಚಳ ಬಿತ್ತು. ಕೊನೆಯ ಕ್ಲಾಂಪನ್ನು ಬಿಗಿಮಾಡಲು ಸೊಸೆ ಸ್ಕ್ರೂಡ್ರೈವರ್ ಎತ್ತಿದಾಗ ಅಜ್ಜಿ ಕೈಚಾಚಿದರು. ಅವಳು ಕೊಟ್ಟಳು. ಒಂದು ಸುತ್ತು, ಎರಡು ಸುತ್ತು. ಅಜ್ಜಿಯ ಕೈ ನಿಂತಿತು. ಆಮೇಲೆ ಇನ್ನೊಂದು ಸುತ್ತು.

ಎಂಜಿನ್ ಚಾಲೂ ಆಯಿತು. ಮುಳ್ಳು ನಡುವಿಗೇರಿತು. ಅಜ್ಜಿ ಪಕ್ಕದ ಸೀಟಿನಲ್ಲಿ ಕೂತು ಕಾದರು. ಗಾಜು ತಿಳಿಯಾಗಿಯೇ ಉಳಿಯಿತು. ಅದರಾಚೆ ಬರೀ ಬೀದಿ, ಬರೀ ಬಿಸಿಲು.

"ನೀವು ಹೋಗಿ. ನಾನು ಬರ್ತೀನಿ," ಎಂದರು ಅವರು.

ಸೊಸೆ ಎಂಜಿನ್ ಆರಿಸಿ, ಕಾರಿನ ಎರಡೂ ಕೀಲಿಗಳನ್ನು ಸೆರಗಿಗೆ ಕಟ್ಟಿಕೊಂಡೇ ಒಳಹೋದಳು. ಆಲೂಗಡ್ಡೆ ಬೇಯಿಸಿದಳು, ಮೊಟ್ಟೆ ಒಡೆದು ಹಾಕಿದಳು, ಅಡುಗೆಮನೆಯ ಊಟದ ಬೆಂಚಿನ ಮುಂದೆ ತಟ್ಟೆಗಳನ್ನಿಟ್ಟಳು. ಅಜ್ಜಿ ಬರಲಿಲ್ಲ. ಮಗ ಗಡಿಯಾರದತ್ತ ನೋಡಲು ಹೆದರಿ ನೆಲ ನೋಡುತ್ತಿದ್ದ.

"ಗಿಳಿ, ಅಜ್ಜೀನ ಕರಿ."

ಗಿಳಿ ಹೋದಳು, ಬರುವಾಗ ಓಡಿಬಂದಳು. "ಅಜ್ಜಿ ಕಾರಲ್ಲಿ ಇಲ್ಲ!"

ಮಗ ಎದ್ದ ರಭಸಕ್ಕೆ ತಟ್ಟೆ ಉರುಳಿತು. ಶೆಡ್ಡು ಖಾಲಿ. ಕಾರು ಖಾಲಿ. ಅಂಗಳದ ಗೇಟು ಹಾಕಿದಂತೆಯೇ ಇತ್ತು. ಬಚ್ಚಲಿನಿಂದ ನೀರಿನ ಸದ್ದು ಕೇಳಿ ಇಬ್ಬರೂ ಒಟ್ಟಿಗೆ ಅತ್ತ ನುಗ್ಗಿದರು. ಅಜ್ಜಿ ಮೊಣಕೈವರೆಗೆ ಸೋಪು ಹಚ್ಚಿಕೊಂಡು ಜಿಡ್ಡು ತಿಕ್ಕುತ್ತಿದ್ದರು.

"ಏನು, ಇಬ್ಬರೂ ದೆವ್ವ ಕಂಡವರ ಹಾಗೆ? ಕೈ ತೊಳೀದೆ ಊಟಕ್ಕೆ ಕೂರ್ತಾರಾ?"

ಬಂದು ಬೆಂಚಿನ ಮೇಲೆ ಕೂತರು. ತಟ್ಟೆಯನ್ನು ಮುಟ್ಟುವ ಮೊದಲು, ಯಾರನ್ನೂ ನೋಡದೆ, ಗೋಡೆಯ ಕಡೆಗೆ ಸರಿದು ತಮ್ಮ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟರು. ಅಲ್ಲಿಗೆ ಹಾರಲು ಹೊರಟ ಗಿಳಿಯ ಲಂಗವನ್ನು ತಾಯಿ ಹಿಂದಿನಿಂದ ಹಿಡಿದಳು. ಮಗ ನೆಲದ ಮೇಲೆ ಕೂತ.

ಅಜ್ಜಿ ಆಲೂಗಡ್ಡೆ ಮುರಿದು ಬಾಯಿಗಿಟ್ಟರು. ಅಗಿದರು. ನುಂಗಿದರು.

"ಉಪ್ಪು ಕಮ್ಮಿ," ಎಂದರು.

ಬೆಂಚು ಒಮ್ಮೆ ಕಿರ್ರೆಂದಿತು. ಯಾರೂ ಅತ್ತ ನೋಡಲಿಲ್ಲ. ಸೊಸೆ ಉಪ್ಪಿನ ಬಟ್ಟಲನ್ನು ಮುಂದಕ್ಕೆ ಸರಿಸಿ, ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.